ಡೇಲಿಯಾ ತೋಟದ ಹೊತ್ತು

ಆರ್ವಿಡ್ ಟ್ರಕ್ಕಿನ ಹಿಂಬದಿಯಲ್ಲಿ ಮಂಡಿಯೂರಿ ಮರದ ಪೆಟ್ಟಿಗೆಯ ಮೇಲೆ ಟಾರ್ಪಾಲು ಎಳೆಯುತ್ತಿದ್ದ. ಒಂದು ಮೂಲೆ ಮುಚ್ಚಿದರೆ ಇನ್ನೊಂದು ಮೂಲೆ ಹೊರಗೆ ಇಣುಕುತ್ತಿತ್ತು. ಹೆಂಡತಿ ಮೇವಿಸ್‌ಳನ್ನು ಮಣ್ಣು ಮಾಡಿ ನೇರವಾಗಿ ಇಲ್ಲಿಗೇ ಬಂದಿದ್ದ.

"ಅದನ್ನ ಯಾಕೆ ಮುಚ್ತಿದೀಯ? ಇಳಿಸು," ಎಂದು ಹಿಂದಿನಿಂದ ವಿಲ್ಮಾಳ ದನಿ ಬಂತು.

ವಿಲ್ಮಾ ಈ ಡೇಲಿಯಾ ತೋಟದ ಒಡತಿ. ಮೇವಿಸ್ ಜೊತೆ ಮೂವತ್ತು ವರ್ಷ ಬಯಲಲ್ಲಿ ನಿಂತು ಚಿತ್ರ ಬರೆದವಳು. ಅವಳ ಬಾಯಿಗೆ ಹೆದರದವರು ಸ್ಕ್ಯಾಗಿಟ್ ಕಣಿವೆಯಲ್ಲೇ ಇರಲಿಲ್ಲ, ಪಾದ್ರಿಯೂ ಸೇರಿ.

"ಚಿತ್ರದ ಬಣ್ಣ ಇನ್ನೂ ಆರಿಲ್ಲ ವಿಲ್ಮಾ."

"ನಮ್ಮ ಬಣ್ಣ ಯಾವತ್ತು ಆರಿತ್ತು? ಹೂವು ಯಾರದೋ, ಚಿತ್ರ ಅವರದು. ಆ ಕಾನೂನು ಮಾಡಿದ್ದು ನಿನ್ನ ಹೆಂಡ್ತಿ. ಹೂವು ನಂದು."

"ನಾಳೆ ತಂದುಕೊಡ್ತೀನಿ."

"ಎಲ್ಲರೂ ಇರೋದು ಇವತ್ತು. ಹುಲ್ಲಿನ ಮೇಲೆ ಇಡ್ದೆ, ಹೊತ್ತು ಹೇಳ್ದೆ ಅವಳನ್ನ ಹಾಗೇ ಕಳಿಸೋದಾ? ಊಟ ಮುಗಿಸಿ ತಗೊಂಡು ಬಾ."

ಅವಳು ಹೋದಳು. ಪೆಟ್ಟಿಗೆಯನ್ನು ಶನಿವಾರದಿಂದ ಅವನು ತೆರೆದಿರಲಿಲ್ಲ. ಅಂದು ಮುಖ ತಿರುಗಿಸಿಕೊಂಡೇ ಮೇವಿಸ್‌ಳ ಕೊನೆಯ ಚಿತ್ರವನ್ನು ಅದರೊಳಗೆ ಜಾರಿಸಿ ಕೊಂಡಿ ಹಾಕಿದ್ದ.

*

ಹೊತ್ತು ಹೇಳುವುದೆಂದರೆ ಇಷ್ಟೇ. ಬಯಲಲ್ಲಿ ಬರೆದ ಮೇಲೆ ಎಲ್ಲರೂ ತಂತಮ್ಮ ಚಿತ್ರವನ್ನು ಹುಲ್ಲಿನ ಮೇಲೆ ಸಾಲಾಗಿ ಇಡಬೇಕು. ಚೆನ್ನಾಗಿದೆ ಎನ್ನುವಂತಿಲ್ಲ, ಕೆಟ್ಟದಾಗಿದೆ ಎನ್ನುವಂತಿಲ್ಲ. ಚಿತ್ರದಲ್ಲಿ ಎಷ್ಟು ಗಂಟೆಯಾಗಿದೆ ಎಂದು ಮಾತ್ರ ಹೇಳಬೇಕು. ಕೊನೆಗೆ ಬರೆದವರು ನಿಜವಾದ ಹೊತ್ತು ಹೇಳುತ್ತಾರೆ, ಅದನ್ನು ಪೆನ್ಸಿಲಿನಲ್ಲಿ ಹಿಂಬದಿಗೆ ಗುರುತು ಹಾಕುತ್ತಾರೆ. ಹೊಗಳಿಕೆ ನಂಬುವವರು ಕೆಟ್ಟು ಹೋಗುತ್ತಾರೆಂದು ಮೇವಿಸ್ ಮಾಡಿದ ಕಟ್ಟಳೆ ಇದು.

ಮೇವಿಸ್ ದೊಡ್ಡ ಕಲಾವಿದೆಯೇನಲ್ಲ. ಬಟಾಣಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಯಾರ ಮನೆಯ ಮುಂದೆ ಹೂ ಅರಳಿದರೂ ಬೇಲಿಯ ಹೊರಗೆ ಛತ್ರಿ ನೆಟ್ಟು ನಿಲ್ಲುತ್ತಿದ್ದಳು, ಮುಗಿದ ಮೇಲೆ ಹಸಿ ಚಿತ್ರವನ್ನು ಆ ಮನೆಯವರ ಕೈಗೇ ಕೊಟ್ಟು ಬರುತ್ತಿದ್ದಳು. ಹಾಗಾಗಿ ಈ ಊರಲ್ಲಿ ಹಲ್ಲು ಕೀಳಿಸಿಕೊಳ್ಳಬೇಕಾದರೂ ಹಲ್ಲಿನ ಡಾಕ್ಟರ ಗೋಡೆಯ ಮೇಲೆ ಮೇವಿಸ್ ಬರೆದ ಪಿಯೋನಿ ಹೂಗಳನ್ನು ನೋಡಿಕೊಂಡೇ ಕೀಳಿಸಿಕೊಳ್ಳಬೇಕು.

ಹಡಗಿನ ಎಂಜಿನ್ ರಿಪೇರಿಯ ಆರ್ವಿಡ್‌ಗೆ ಮೊದಮೊದಲು ಇದೆಲ್ಲ ಹುಡುಗಾಟಿಕೆ ಎನಿಸುತ್ತಿತ್ತು. ಅವಳ ಪೆಟ್ಟಿಗೆ ಹೊತ್ತು ಹೊತ್ತೇ ಕಲಿತ. ಒಂದು ದಿನ ಸುಮ್ಮನೆ, "ಒಂಬತ್ತೂವರೆ," ಎಂದಿದ್ದ.

"ಹೇಗೆ ಗೊತ್ತಾಯ್ತು?" ಮೇವಿಸ್‌ಳ ಕಣ್ಣು ಅರಳಿತ್ತು.

"ನೆರಳು ರಸ್ತೆ ಕಡೆಗಿದೆ."

"ಅಯ್ಯೋ ನನ್ನ ಗಂಡ ಕುರುಡ ಅಂದ್ಕೊಂಡಿದ್ದೆ," ಎಂದು ಅವಳು ನಕ್ಕಿದ್ದಳು. ಆ ನಗುವಿಗಾಗಿ ಅವನು ಆಮೇಲೆ ಎಲ್ಲ ಚಿತ್ರಗಳನ್ನೂ ಗಮನವಿಟ್ಟು ನೋಡತೊಡಗಿದ್ದ.

*

ಹುಲ್ಲಿನ ಮೇಲೆ ಮೇಜು ಹಾಕಿ ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ ಕ್ಯಾಸರೋಲ್ ಇಟ್ಟಿದ್ದರು. ಆರ್ವಿಡ್ ತಟ್ಟೆ ಹಿಡಿದು ನಿಂತಿದ್ದ, ಒಂದು ತುತ್ತೂ ಮುಟ್ಟಿರಲಿಲ್ಲ. ಚಿತ್ರ ಬರೆಯುವ ಗುಂಪಿನ ಲೂಥರ್ ಪಕ್ಕಕ್ಕೆ ಬಂದ. ಅಂಚೆ ಹಂಚಿ ನಿವೃತ್ತನಾದವನು, ಮೆದು ಮನುಷ್ಯ.

"ಡಾಕ್ಟರ್ ಏನಂದ್ರು ಕೊನೆಗೆ?"

"ಹೃದಯ ಅಂದ್ರು. ಬಿಸಿಲಲ್ಲಿದ್ದ ಮೈ, ಇಂಥ ಹೊತ್ತಿಗೇ ಅಂತ ಹೇಳೋಕಾಗಲ್ಲ ಅಂದ್ರು. ಬೆಳಿಗ್ಗೆನೇ ಹೋಗಿರಬಹುದು." ಆರ್ವಿಡ್ ನಾಲ್ಕು ದಿನದಿಂದ ಇದನ್ನೇ ಎಲ್ಲರಿಗೂ ಹೇಳುತ್ತಿದ್ದ. "ನಾನು ಹೇಳಿದ ಹೊತ್ತಿಗೆ ಬಂದಿದ್ರೂ ಅಷ್ಟೇ ಆಗ್ತಿತ್ತು."

"ಅಷ್ಟೇ ಅಷ್ಟೇ," ಎಂದ ಲೂಥರ್. "ಅದನ್ನೇ ಕೊರೀಬೇಡ. ತಿನ್ನು."

*

ಶನಿವಾರ ಬೆಳಿಗ್ಗೆ ಅವಳನ್ನು ತೋಟದಲ್ಲಿ ಬಿಟ್ಟಿದ್ದ. ಹೃದಯದ ತೊಂದರೆ ಶುರುವಾದ ಮೇಲೆ ಡಾಕ್ಟರು ಅವಳಿಗೆ ಗಾಡಿ ಓಡಿಸಬೇಡ ಎಂದಿದ್ದರು. ವಿಲ್ಮಾ ಹೂ ಮಾರಲು ಸಂತೆಗೆ ಹೋಗಿದ್ದಳು, ಮನೆಗೆ ಬೀಗ. ಮೇವಿಸ್ ಬಯಲಿಗೆ ಹೋದರೆ ಫೋನು ಒಯ್ಯುತ್ತಿರಲಿಲ್ಲ.

"ಹನ್ನೊಂದಕ್ಕೆ ಬಾ. ಬಿಸಿಲು ಏರಿದ ಮೇಲೆ ನನ್ನ ಕೈಲಾಗಲ್ಲ."

"ಬಂದೆ ಅಂತಲೇ ತಿಳ್ಕೊ."

ಗೆಳೆಯನ ದೋಣಿಯ ಎಂಜಿನ್ ಕೆಟ್ಟಿತ್ತು. ಒಂದು ಬೋಲ್ಟು ಬಿಗಿ ಮಾಡಿದರೆ ಇನ್ನೊಂದು ಕಡೆ ಎಣ್ಣೆ ಸೋರುತ್ತಿತ್ತು. ಅವಳೇನು ಚಿತ್ರದಲ್ಲಿ ಮುಳುಗಿರುತ್ತಾಳೆ, ಕರೆಯಲು ಹೋದರೆ ತನ್ನ ಮೇಲೇ ಸಿಡುಕುತ್ತಾಳೆ ಎಂದುಕೊಂಡ. ಅವನು ತೋಟದ ಗೇಟು ತಲುಪಿದಾಗ ಮಧ್ಯಾಹ್ನ ಮೂರೂವರೆ. ಅವಳು ಮಡಿಸುವ ಕುರ್ಚಿಯಲ್ಲಿ ಒರಗಿದ್ದಳು, ಕುಂಚ ಹುಲ್ಲಿನಲ್ಲಿ ಬಿದ್ದಿತ್ತು.

*

"ಆರ್ವಿಡ್," ಎಂದು ವಿಲ್ಮಾ ಕರೆದಳು.

ಪೆಟ್ಟಿಗೆ ತಂದು ಕೊಟ್ಟ. ಕೊಂಡಿ ತೆಗೆಯಲು ಅವನ ಕೈ ಬರಲಿಲ್ಲ. ವಿಲ್ಮಾಳೇ ತೆರೆದು, ಬೆರಳ ತುದಿಯಲ್ಲಿ ಚಿತ್ರವನ್ನು ಎತ್ತಿ, ಹುಲ್ಲಿನ ಮೇಲೆ ಒಂದು ಕಲ್ಲಿಗೆ ಆನಿಸಿ ನಿಲ್ಲಿಸಿದಳು. ಗುಂಪಿನವರು ಸುತ್ತ ನಿಂತರು. ಬೆಳಗಿನ ಚಿತ್ರವಾಗಿರಲಿ, ದೇವರೇ, ಬೆಳಗಿನದಾಗಿರಲಿ ಎಂದು ಆರ್ವಿಡ್ ತನ್ನ ಬೂಟು ನೋಡುತ್ತ ಬೇಡಿಕೊಂಡ. ನಲವತ್ತಾರು ವರ್ಷದ ಸಂಸಾರದಲ್ಲಿ ಅವನು ದೇವರನ್ನು ಇಷ್ಟು ಗಟ್ಟಿಯಾಗಿ ಕೇಳಿದ್ದೇ ಇಲ್ಲ.

ಅವನ ಪಕ್ಕದ ಬೂಟುಗಳು ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಸರಿದವು.

"ಹತ್ತು," ಎಂದ ಲೂಥರ್.

"ಹತ್ತು. ಅಥವಾ ಅದಕ್ಕೂ ಮುಂಚೆ," ಎಂದು ರೋಸಲಿನ್ ಎಂಬಾಕೆ ಮೂಗೊರೆಸಿಕೊಂಡಳು.

ಇನ್ನಿಬ್ಬರೂ ಹತ್ತೆಂದರು. ಆರ್ವಿಡ್‌ನ ಎದೆ ಹಗುರಾಯಿತು. ವಿಲ್ಮಾ ಚಿತ್ರವನ್ನು ನೋಡಿದಳು, ಅವನನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಕಾಲು ಗಂಟೆಯ ತಪ್ಪನ್ನೂ ಅವಳು ಬಿಟ್ಟುಕೊಟ್ಟವಳಲ್ಲ.

"ಹತ್ತು," ಎಂದಳು, ಮೆಲ್ಲಗೆ.

ಆಗ ಅವನು ತಲೆಯೆತ್ತಿದ.

ಕೆಂಪು, ಹಳದಿ ಡೇಲಿಯಾಗಳ ಸಾಲು. ಒಂದೊಂದು ಗಿಡದ ಬುಡದಿಂದಲೂ ನೇರಳೆ ನೆರಳು ಹೊರಟು ಹಳೇ ಕೊಟ್ಟಿಗೆಯ ಕಡೆಗೆ ಚಾಚಿತ್ತು. ಸೂರ್ಯ ಹುಟ್ಟುವುದು ಆ ಕೊಟ್ಟಿಗೆಯ ಹಿಂದೆ, ಮಧ್ಯಾಹ್ನ ದಾಟದೆ ನೆರಳು ಅತ್ತ ಬೀಳುವುದಿಲ್ಲ. ರಸ್ತೆಯ ಕಡೆಗೆ ಮೊದಲು ಬರೆದಿದ್ದ ನೆರಳುಗಳನ್ನು ಚಾಕುವಿನಿಂದ ಕೆರೆದು ತೆಗೆದ ಗುರುತು ಅಲ್ಲಲ್ಲಿ ಉಳಿದಿತ್ತು. ನೆರಳು ಸರಿದಂತೆ ಚಿತ್ರ ತಿದ್ದುತ್ತ ಸೂರ್ಯನ ಹಿಂದೆ ಓಡಬಾರದು, ಶುರು ಮಾಡಿದ ಎರಡು ಗಂಟೆಯೊಳಗೆ ಕುಂಚ ಕೆಳಗಿಡಬೇಕು ಎಂದು ಊರಿಗೆಲ್ಲ ಹೇಳಿದವಳು ಹೊತ್ತು ಕಳೆಯಲು ಇಡೀ ಚಿತ್ರವನ್ನು ಮತ್ತೆ ಬರೆದಿದ್ದಳು. ಗೆಳೆಯರು ಯಾರೂ ಅವನ ಮುಖ ನೋಡಲಿಲ್ಲ. ಅವರೆಲ್ಲರ ನೆರಳೂ ಈಗ ಮಧ್ಯಾಹ್ನದ ಬಿಸಿಲಲ್ಲಿ ಹುಲ್ಲಿನ ಮೇಲೆ ಕೊಟ್ಟಿಗೆಯ ಕಡೆಗೇ ಬಿದ್ದಿತ್ತು.

"ಅವಳ ಬದಲಿಗೆ ನೀನು ಹೇಳ್ಬೇಕು," ಎಂದಳು ವಿಲ್ಮಾ, ಪೆನ್ಸಿಲು ಹಿಡಿದು. "ಹತ್ತು ಅಂತ ಹಾಕ್ಲಾ?"

ಹೂಂ ಎಂದರೆ ಸಾಕಿತ್ತು. ಲೂಥರ್ ಕಣ್ಣಿನಲ್ಲೇ ಹೂಂ ಅನ್ನು ಎನ್ನುತ್ತಿದ್ದ.

"ಮೂರು," ಎಂದ ಆರ್ವಿಡ್. "ಮೂರು ದಾಟಿತ್ತು. ಕಾಯ್ತಾ ಇದ್ಲು."

ವಿಲ್ಮಾ ಚಿತ್ರವನ್ನು ತಿರುಗಿಸಿ ಹಿಂಬದಿಗೆ ಬರೆದಳು. ಬರೆದಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಅವನ ಕಡೆ ಚಾಚಿದಳು.

"ಇದು ನನ್ನ ಗೋಡೆಗೆ ಬೇಡ. ನೀನೇ ಇಟ್ಕೊ."

ಅವನು ಎರಡೂ ಕೈಯಿಂದ ತೆಗೆದುಕೊಂಡು ಎದೆಗೆ ಅವುಚಿಕೊಂಡ.

"ಆರ್ವಿಡ್, ಕೋಟಿಗೆ ಬಣ್ಣ ಹತ್ತುತ್ತೆ," ಎಂದಳು ರೋಸಲಿನ್.

ಅವನು ಚಿತ್ರವನ್ನು ಇನ್ನೂ ಒತ್ತಿ ಹಿಡಿದ. ಹಸಿ ನೇರಳೆ ನೆರಳು ಕರಿ ಕೋಟಿಗೆ ಇಳಿಯುತ್ತಿತ್ತು.