ಮೇಸ್ತ್ರಿಯ ಹೆಬ್ಬೆಟ್ಟು

ಅಣ್ಣ ಉಬಾಲ್ದೊ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಫ್ಲಾರೆನ್ಸಿನವರ ಪಾಲಿಗೆ ಅವನಿನ್ನೂ ಹಾಸಿಗೆ ಹಿಡಿದ ರೋಗಿ. ದೂರದ ಹಳ್ಳಿಯೊಂದರಲ್ಲಿ ಬೇರೆ ಹೆಸರು ಹೇಳಿ ಅವನನ್ನು ಮಣ್ಣುಮಾಡಿ ಬಂದಿದ್ದೆವು. ಆ ಪಾಪ ನನ್ನನ್ನು ಕಾಡುತ್ತಲೇ ಇತ್ತು.

ನಮ್ಮದು ಹರಕೆಯ ಮೇಣದ ಬೊಂಬೆಗಳ ಕೆಲಸ. ಕಾಯಿಲೆ ವಾಸಿಯಾದವರು ತಮ್ಮಷ್ಟೇ ಎತ್ತರದ ಬೊಂಬೆ ಮಾಡಿಸಿ, ತಮ್ಮದೇ ಬಟ್ಟೆ ಉಡಿಸಿ ಚರ್ಚಿನಲ್ಲಿ ನಿಲ್ಲಿಸುತ್ತಿದ್ದರು. ಹೆಂಗಸರು ಮೇಣ ಕರಗಿಸಬಹುದು, ಮುಖ ತಿದ್ದುವಂತಿಲ್ಲ ಎಂಬುದು ಕಸುಬಿನ ಮೇಸ್ತ್ರಿಗಳ ಸಂಘದ ಕಟ್ಟಳೆ. ಅಣ್ಣನಿದ್ದಾಗಲೂ ಮುಖ ತಿದ್ದುತ್ತಿದ್ದವಳು ಅತ್ತಿಗೆ ತೆಸ್ಸಾ. ಆದರೆ ಪ್ರತಿ ಬೊಂಬೆಯ ಹಿಮ್ಮಡಿಗೆ ಮೇಸ್ತ್ರಿಯ ಹೆಬ್ಬೆಟ್ಟು ಬೀಳಲೇಬೇಕು. ಅದಕ್ಕೆಂದೇ ಅವಳು, ಹೆಣ ಸೆಟೆಯುವ ಮೊದಲು, ಅಣ್ಣನ ಹೆಬ್ಬೆರಳಿನ ಅಚ್ಚು ತೆಗೆದು ಬಿಳಿ ಗಾರೆಯಲ್ಲಿ ಎರಕ ಹೊಯ್ದಿಟ್ಟಿದ್ದಳು.

ಒಂದು ಮಧ್ಯಾಹ್ನ ಸಂಘದ ತನಿಖೆಯವನು ಗೊರೊ ಬಂದ. ಕೈಯಲ್ಲಿ ಮೆತ್ತನೆಯ ಮೇಣದ ಬಿಲ್ಲೆ.

"ಏನಮ್ಮಾ ತೆಸ್ಸಾ, ಹಾಸಿಗೆ ಹಿಡಿದ ನಿನ್ ಗಂಡ ತಿಂಗಳಿಗೆ ನಾಲ್ಕು ಬೊಂಬೆ ಮಾಡ್ತಾನೆ, ಗಟ್ಟಿಮುಟ್ಟಾಗಿರೋ ನಮ್ಮೋರ ಕೈಲಿ ಎರಡೂ ಆಗಲ್ಲ, ಹೇಗೆ?"

"ಹಾಸಿಗೆ ಹಿಡಿದೋರು ಹೆಂಡದಂಗಡಿಗೆ ಹೋಗಲ್ವಲ್ಲ ಸ್ವಾಮಿ."

ಗೊರೊ ನಗಲಿಲ್ಲ. "ಈಗಲೇ ಇದರ ಮೇಲೆ ಹೆಬ್ಬೆಟ್ಟು ಒತ್ತಲಿ. ಇಲ್ದಿದ್ರೆ ಇವತ್ತೇ ಅಂಗಡಿಗೆ ಬೀಗ. ನೀನು ಸನ್ಯಾಸಿನಿಯರ ಮಠದಲ್ಲಿ ಪಾತ್ರೆ ತಿಕ್ಕೊಂಡಿರು."

"ಅಂಟುಜ್ವರ ಸ್ವಾಮಿ. ಪರದೆ ಒಳಗೆ ಬರ್ತೀರಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಪಿಪ್ಪಾ, ನೀನೇ ತಗೊಂಡು ಹೋಗೇ. ನಿಮ್ಮಣ್ಣನ ಕೈ ನಡುಗುತ್ತೆ, ಹಿಡ್ಕೋ."

ಬಿಲ್ಲೆ ಹಿಡಿದು ಒಳಗೆ ಹೋದೆ. ಪರದೆಯ ಹಿಂದೆ ಖಾಲಿ ಮಂಚ. ಬಿಲ್ಲೆಯನ್ನು ದಿಂಬಿನ ಮೇಲಿಟ್ಟು, ದಿಂಬಿನಡಿಯಲ್ಲಿದ್ದ ಗಾರೆಯ ಹೆಬ್ಬೆರಳನ್ನು ಎತ್ತಿಕೊಂಡೆ. ಜಾರಿತು. ನೆಲಕ್ಕೆ ಬಿದ್ದು ಮೂರು ಚೂರಾಯಿತು.

"ಏನದು ಸದ್ದು?"

"ಔಷಧಿ ಬಟ್ಟಲು ಸ್ವಾಮಿ. ನಮ್ ಪಿಪ್ಪಾ ಕೈಗೆ ಏನು ಕೊಟ್ಟರೂ ಅಷ್ಟೇ."

ಮಂಡಿಯೂರಿ ಚೂರುಗಳನ್ನು ಆಯ್ದೆ. ಜೋಡಿಸಿ ನೋಡಿದೆ, ಕೂಡಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಎದ್ದೆ. ಬಿಲ್ಲೆಯ ನಡುವೆ ಹೆಬ್ಬೆಟ್ಟಿನ ಗುರುತು ಆಳವಾಗಿ ಬಿದ್ದಿತ್ತು.

ಹೇಗೆ ಹೊರಗೆ ತಂದುಕೊಟ್ಟೆನೋ ತಿಳಿಯದು. ಗೊರೊ ಅದನ್ನು ತನ್ನಲ್ಲಿದ್ದ, ಅಣ್ಣನ ಗುರುತಿನ ಹಳೆಯ ಬಿಲ್ಲೆಯ ಪಕ್ಕ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದ. "ಅವನದೇ" ಎಂದ. ಬಾಗಿಲು ದಾಟುವಾಗ ತಿರುಗಿ ಗದರಿದ: "ಗಂಡನಿಗೆ ಉಗುರಾದ್ರೂ ಕತ್ತರಿಸಬಾರದೇನಮ್ಮಾ? ಮೇಣ ಹೇಗೆ ಕಿತ್ತುಬಂದಿದೆ ನೋಡು!"

ಅತ್ತಿಗೆ ನನ್ನತ್ತ ನೋಡಿದಳು. ನಾನು ಮುಷ್ಟಿ ಬಿಚ್ಚಿ ಮೂರು ಚೂರುಗಳನ್ನು ತೋರಿಸಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಚಿಕ್ಕಂದಿನಿಂದ ಉಗುರು ಕಚ್ಚುವವಳು ನಾನು. ನನ್ನವು ಬುಡದ ತನಕ ಮೋಟು.

ಅವಳು ಪರದೆ ಸರಿಸಿ ಖಾಲಿ ಮಂಚವನ್ನು ನೋಡಿದಳು. ಆಮೇಲೆ, "ಬದುಕಿದ್ದಾಗ ಒಂದು ದಿನವಾದ್ರೂ ಹೇಳಿದ ಹೊತ್ತಿಗೆ ಕೆಲಸ ಮಾಡ್ಲಿಲ್ಲ" ಎಂದಳು. ಮುಗಿದಿದ್ದ ಬೊಂಬೆಯೊಂದನ್ನು ಇಬ್ಬರೂ ಹೊತ್ತು ಆ ಮಂಚದ ಮೇಲೆ ಮಲಗಿಸಿದೆವು. ಹಿಮ್ಮಡಿಯ ಮೇಣವನ್ನು ಬಿಸಿ ಮಾಡಿ, ದಿಂಬಿನ ಮೇಲೆ ಕತ್ತರಿಯಿಟ್ಟು ಅವಳು ಪರದೆ ಎಳೆದಳು.

ಸಂಜೆ ನೋಡಿದಾಗ ಗುರುತು ಬಿದ್ದಿತ್ತು. ಉಗುರಿನ ಗೀರು ಇರಲಿಲ್ಲ.