ಮೇಲಂತಸ್ತಿನ ಮೂರನೆಯ ಕಿಟಕಿ

"ಐದು ನಿಮಿಷ ಮುಂಚೆ ಬಂದಿದ್ರೆ ನಿಮಗೇ ಸಿಗ್ತಿತ್ತು ನೋಡಿ ಮೊರೀನ್. ಈಗಷ್ಟೇ ಇವರು ತಗೊಂಡುಬಿಟ್ರು," ಎಂದ ಕ್ಲೈವ್.

ಮೊರೀನ್ ಟ್ರ್ಯಾಂಟರ್ ಛತ್ರಿ ಮಡಿಸುವುದನ್ನೂ ಮರೆತು ನಿಂತಳು. ವುಲ್ವರ್‌ಹ್ಯಾಂಪ್ಟನ್ನಿನ ಚರ್ಚ್ ಹಾಲಿನಲ್ಲಿ ಆ ಭಾನುವಾರ ಹಳೆಯ ನಾಣ್ಯಗಳ ಸಂತೆ. ಕ್ಲೈವನ ಮೇಜಿನ ಮುಂದೆ ಅರವತ್ತರ ಆಸುಪಾಸಿನ ಎತ್ತರದ ಗಂಡಸೊಬ್ಬ ತಾಮ್ರದ ಬಿಲ್ಲೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. ದೂರದಿಂದಲೇ ಅವಳಿಗೆ ಗುರುತು ಹತ್ತಿತು. ಹ್ಯಾರೋಬಿ ಹೌಸಿನ ಬಿಲ್ಲೆ.

ಇನ್ನೂರಿಪ್ಪತ್ತು ವರ್ಷದ ಹಿಂದೆ, ಚಿಲ್ಲರೆಗೆ ಬರ ಬಂದಾಗ, ಊರೂರಿನ ಅಂಗಡಿಯವರು ತಾವೇ ಅರ್ಧ ಪೆನ್ನಿಯ ಬಿಲ್ಲೆಗಳನ್ನು ಅಚ್ಚು ಹಾಕಿಸಿ, ಮೇಲೆ ತಮ್ಮೂರಿನ ಹೆಮ್ಮೆಯ ಕಟ್ಟಡವನ್ನು ಕೆತ್ತಿಸುತ್ತಿದ್ದರು. ಮೊರೀನಳ ಬಳಿ ಅಂಥವು ನೂರ ನಲವತ್ತಿದ್ದವು: ಚರ್ಚುಗಳು, ಸೇತುವೆಗಳು, ಕೋಟೆಗಳು, ಒಂದು ಜೈಲು ಕೂಡ. ಅವನ್ನೆಲ್ಲ ಕೂಡಿಸಲು ಹೊರಟಿದ್ದು ಈ ಒಂದಕ್ಕಾಗಿ ಎಂಬುದು ತೀರಿಹೋದ ಗಂಡನಿಗೂ ಗೊತ್ತಿರಲಿಲ್ಲ. ಹ್ಯಾರೋಬಿ ಹೌಸನ್ನು ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೆಡವಿದರು. ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಅದರ ಒಂದು ಫೋಟೊ ಕೂಡ ಅವಳಿಗೆ ಸಿಕ್ಕಿರಲಿಲ್ಲ.

"ಬದಲಿಗೆ ಬೇರೆ ಕೊಡ್ತೀನಿ," ಎಂದಳು ಆ ಮನುಷ್ಯನಿಗೆ. "ಕಾವೆಂಟ್ರಿ ಚರ್ಚಿಂದು ಇದೆ. ಇದಕ್ಕಿಂತ ಚೆನ್ನಾಗಿದೆ."

"ಇವರು ಮೂವತ್ತು ವರ್ಷದಲ್ಲಿ ನನಗೊಂದು ಟೀ ಕೊಡ್ಸಿದವರಲ್ಲ," ಎಂದು ಕ್ಲೈವ್ ನಕ್ಕ.

ಆತ ನಗಲಿಲ್ಲ. "ನಾನು ಇವನ್ನೆಲ್ಲ ಕೂಡಿಸೋನಲ್ಲ. ನಾನು ಹುಟ್ಟಿದ ಮನೆ ಇದು. ಅದಕ್ಕೇ ತಗೊಂಡೆ."

ಮೊರೀನ್ ಒಂದು ಹೆಜ್ಜೆ ಮುಂದೆ ಬಂದಳು. "ಯಾವ ವರ್ಷ?"

"ಐವತ್ತೆಂಟು. ಮಾರ್ಚ್."

ಅವಳಿಗೆ ಬೇಕಿದ್ದದ್ದು ಅರವತ್ತನಾಲ್ಕರ ಅಕ್ಟೋಬರ್. ದಡಕ್ಕನೆ ಎದ್ದು ನಿಂತಿದ್ದ ಆಸೆ ಮತ್ತೆ ತನ್ನ ಜಾಗದಲ್ಲಿ ಕುಳಿತುಕೊಂಡಿತು.

ಆತನ ಹೆಸರು ಡೆರಿಕ್ ಪಾಸ್ಮೋರ್. ಹಾಲಿನ ಮೂಲೆಯಲ್ಲಿ ಚಹಾದ ಮೇಜಿಗೆ ಅವನೇ ಕರೆದ.

"ನೀವು ಅಲ್ಲಿ ಕೆಲಸಕ್ಕಿದ್ರಾ?"

"ಇಲ್ಲ." ಐವತ್ತೆರಡು ವರ್ಷ ಯಾರಿಗೂ ಹೇಳದ ಮಾತು ಬಾಯಿಗೆ ತಾನಾಗಿಯೇ ಬಂತು. "ಹೆರಿಗೆಗೆ ಹೋಗಿದ್ದೆ. ಆಗಿನ್ನೂ ಹದಿನೇಳು ನನಗೆ. ಮದುವೆ ಆಗಿರ್ಲಿಲ್ಲ. ನನ್ನಂಥೋರನ್ನ ಅಲ್ಲಿಗೇ ಕಳಿಸ್ತಿದ್ರು."

ಡೆರಿಕ್ ಬಿಲ್ಲೆಯನ್ನೂ ಕ್ಲೈವ್ ಕೊಟ್ಟಿದ್ದ ಭೂತಗನ್ನಡಿಯನ್ನೂ ಅವಳ ಮುಂದೆ ಸರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಕೆತ್ತಿದವನು ಒಂದು ಚಿಮಣಿ ಮರ್ತಿದ್ದಾನೆ. ಇಲ್ಲಿ, ಮೇಲಂತಸ್ತು, ಎಡದಿಂದ ಮೂರನೇ ಕಿಟಕಿ. ಮಕ್ಕಳಿಗೆ ಅಲ್ಲೇ ಕೂತು ಹಾಲು ಕುಡಿಸ್ತಿದ್ವಿ."

"ಯಾರು, ನರ್ಸುಗಳಾ?"

"ನಾವೇ. ಆರು ವಾರ. ಮೊದ್ಲಿಂದ್ಲೂ ಅದೇ ನಿಯಮ ಅಂತಿದ್ರು. ದತ್ತು ತಗೊಳ್ಳೋರು ಮಗೂನ ಕರ್ಕೊಂಡು ಹೋಗೋ ದಿನಕ್ಕೆ ಸ್ವೆಟರೂ ನಾವೇ ಹೆಣೀಬೇಕು. ನಂದು ಒಂದು ತೋಳು ಗಿಡ್ಡ ಆಗಿತ್ತು."

ಡೆರಿಕ್ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟ. "ನನ್ನಮ್ಮ ಹೆತ್ತ ದಿನವೇ ಬಿಟ್ಟುಹೋದ್ಲು ಅಂತ ನನಗೆ ಹೇಳಿದ್ರು."

"ನಾನು ಕಂಡ ಹಾಗೆ ಯಾರೂ ಹಾಗೆ ಹೋಗ್ಲಿಲ್ಲ. ಹೋಗು ಅಂದ್ರೂ ಹೋಗ್ತಿರ್ಲಿಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ; ಹಾಕಿಕೊಂಡು, ಮತ್ತೆ ತೆಗೆದು ಒರೆಸಿದ. ಆಮೇಲೆ, "ಇದನ್ನ ನೀವೇ ಇಟ್ಕೊಳ್ಳಿ," ಎಂದ.

ಬಿಲ್ಲೆಯ ಮೇಲೆ ಮೊರೀನಳ ಮುಷ್ಟಿ ತಾನಾಗಿಯೇ ಬಿಗಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನಿಮ್ಮ ಹತ್ರಾನೇ ಇರ್ಲಿ. ನಿಮ್ಮ ಹಾಗೇ ನನ್ನ ಮಗ ಎಂದಾದ್ರೂ ಆ ಮನೇನ ಹುಡುಕ್ಕೊಂಡು ಬಂದು ನಿಮಗೆ ಸಿಕ್ಕಿದ್ರೆ, ಆ ಕಿಟಕಿ ಒಂದ್ಸಲ ತೋರ್ಸಿ."

ಡೆರಿಕ್ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಬಗ್ಗಿದ. ಚಹಾ ಆರುತ್ತಿತ್ತು. ಬಿಲ್ಲೆಯ ಮೇಲೆ ಬೆಳಕು ಬೀಳಲೆಂದು ಅವಳು ಸಕ್ಕರೆಯ ಬಟ್ಟಲನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು.