ಗಾಳ ಇಲ್ಲದ ಹೆಸರು

ಗಾಂವಕರ ಸರ್ ಕರಿಹಲಗೆಯ ಮೇಲೆ ಒಂದು ಬೋಟು ಬರೆದು, ಅದರ ಮೂತಿಯ ಮೇಲೆ ಇಂಗ್ಲಿಷಿನಲ್ಲಿ ‘ಮಾರುತಿ’ ಎಂದು ಹೆಸರಿಟ್ಟು, ಹೆಸರಿನ ನಟ್ಟನಡುವೆ ಮೇಲ್ಗಡೆ ಒಂದು ಪುಟ್ಟ ಕೊಕ್ಕೆ ಎಳೆದರು.

“ಕೋಡಿಬಾಗದ ಹೊಳೆಯಲ್ಲಿ ನಿಂತಿದೆ ಈ ಬೋಟು. ಇದು ಅಪಾಸ್ಟ್ರಫಿ. ಅಕ್ಷರ ಬಿಟ್ಟುಹೋದಲ್ಲಿ ಹಾಕ್ತಾರೆ, ಇಲ್ಲವೇ ಇದು ಇಂಥವರದ್ದು ಅಂತ ತೋರಿಸಲಿಕ್ಕೆ ಹಾಕ್ತಾರೆ. ಮಾರುತಿಯಿಂದ ಎಂತ ಬಿಟ್ಟುಹೋಗಿದೆ? ಬಾಲವಾ?”

ತರಗತಿ ಗೊಳ್ಳೆಂದಿತು. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಬರುವ ಗಾಂವಕರ ಸರ್‌ಗೆ ದಾರಿಯ ಫಲಕಗಳೇ ಪಠ್ಯಪುಸ್ತಕ. “ಬಾಳೆಗುಳಿ ಕ್ರಾಸಿನ ಹೋಟೆಲ್ಲಲ್ಲಿ ‘ಊಟ ತಯಾರಿದೆ’ ಅಂತ ಬರೆದು ಆಶ್ಚರ್ಯಸೂಚಕ ಹಾಕಿದ್ದಾರೆ. ಯಾರಿಗೆ ಆಶ್ಚರ್ಯ? ಹೋಟೆಲ್ಲಿನವನಿಗೇ ಇರಬೇಕು.” ಎಲ್ಲರಿಗಿಂತ ಜೋರಾಗಿ ನಕ್ಕವಳು ವಿನುತಾ. ಮಾರುತಿಯ ಮೇಲೆ ಆ ಕೊಕ್ಕೆ ಎಳೆದವನು ಅವಳ ಅಪ್ಪ ಜಟ್ಟು ಎಂಬುದು ಅಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅವಳು ಅಷ್ಟು ಜೋರಾಗಿ ನಕ್ಕಿದ್ದು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ವಿನುತಾಳ ಗಂಟಲಿಗೆ ಒಂದು ಚಟ. ಯಾರ ದನಿ ಕೇಳಿದರೂ ಅದು ಸಂಜೆಯೊಳಗೆ ಅವಳ ಬಾಯಲ್ಲಿ ಹೊರಗೆ ಬರಲೇಬೇಕು. ಕಾಲೇಜಿನ ಪಾಗಾರದ ಗೋಡೆಯ ಮೇಲೆ ಕುಳಿತು, ಕನ್ನಡಕ ಮೂಗಿನ ತುದಿಗೆ ಜಾರಿಸಿದಂತೆ ಮಾಡಿ, “ಎಂತ ಬಿಟ್ಟುಹೋಗಿದೆ? ಬಾಲವಾ?” ಅಂದಾಗ ಗೆಳತಿ ರಕ್ಷಿತಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ರಕ್ಷಿತಾ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಊಟದ ಹೊತ್ತಿಗೆ ಅಪ್ಪನ ಮುಂದೆ ಬಿಚ್ಚಿದಳು. ಅವಳಪ್ಪ ಪುಂಡಲೀಕ ತಾಂಡೇಲನ ಹೊಸ ಬೋಟು ಆಗ ಹೊಳೆದಂಡೆಯಲ್ಲಿ ಮರದ ದಿಮ್ಮಿಗಳ ಮೇಲೆ ಕುಳಿತು ಹೆಸರಿಗೆ ಕಾಯುತ್ತಿತ್ತು.

ಕೋಡಿಬಾಗದಲ್ಲಿ ಬೋಟಿಗೆ ಹೆಸರು ಬರೆಯುವುದೆಂದರೆ ಫಲಕ ಬರೆದಂತಲ್ಲ. ತೆಂಗಿನಕಾಯಿ ಒಡೆದ ಮೇಲೆ ಬ್ರಶ್ ತಾಗಿಸಬೇಕು. ಒಮ್ಮೆ ತಾಗಿದ ಬಣ್ಣವನ್ನು ಯಾರೂ ಒರೆಸುವಂತಿಲ್ಲ. ಒರೆಸಿದರೆ ಬೋಟಿನ ಆಯುಷ್ಯವನ್ನೇ ಒರೆಸಿದ ಹಾಗೆ. ಮೊದಲು ಬಾಳೆಗುಳಿಯಲ್ಲಿ ಲಾರಿಗಳ ಬೆನ್ನ ಮೇಲೆ ಬರೆಯುತ್ತಿದ್ದಾಗ ಜಟ್ಟುವಿಗೆ ಈ ತಾಪತ್ರಯ ಇರಲಿಲ್ಲ. ತಪ್ಪಿದರೆ ಸೀಮೆ ಎಣ್ಣೆಯ ಚಿಂದಿ ಇತ್ತು. ಬೋಟಿನ ಮುಂದೆ ಆ ಚಿಂದಿ ತೆಗೆಯುವಂತಿರಲಿಲ್ಲ. ಹಾಗಿರುವಾಗ ಎರಡು ಮಳೆಗಾಲದ ಹಿಂದೆ ಅವನ ಬಲಗೈ ನಡುಗಲು ಹಿಡಿಯಿತು. ಡಾಕ್ಟರು ನರದ ಬಾಬತ್ತು ಅಂದರು, ಗುಳಿಗೆ ಕೊಟ್ಟರು, ಪೂರ್ತಿ ವಾಸಿಯಾಗುವಂಥದ್ದಲ್ಲ ಅಂತಲೂ ಹೇಳಿದರು.

ಮಾರುತಿಗೆ ಹೆಸರು ಬರೆದ ದಿನ ಬ್ರಶ್‌ನಿಂದ ಒಂದು ಹನಿ ಹೆಸರಿನ ನಡುವೆ ಬಿದ್ದಿತ್ತು. ಜಟ್ಟು ಉಸಿರು ಬಿಗಿಹಿಡಿದು, ಅದಕ್ಕೊಂದು ಬಾಲ ಎಳೆದು, ಬೇಕೆಂದೇ ಬರೆದವನಂತೆ ಹಿಂದೆ ಸರಿದು ನೋಡಿದ. “ಇದೆಂತ ಜಟ್ಟಣ್ಣ?” ಎಂದು ಕೇಳಿದವರಿಗೆ “ಇಂಗ್ಲಿಷಿನದ್ದು. ಈಗ ಎಲ್ಲ ಹೀಂಗೇ ಬರೆಯೂದು” ಅಂದ. ಆ ವರ್ಷ ಮಾರುತಿಗೆ ಬಂಗಡೆ ರಾಶಿ ರಾಶಿ ಬಿತ್ತು. ಮೀನುಗಾರರು ಆ ಕೊಕ್ಕೆಗೆ ಗಾಳ ಎಂದು ಹೆಸರಿಟ್ಟರು. ಆಮೇಲೆ ಬಂದವರೆಲ್ಲ “ನಮ್ದಕ್ಕೂ ಒಂದು ಗಾಳ ಇರ್ಲಿ” ಅನ್ನತೊಡಗಿದರು. ಹನಿ ಮೇಲೆ ಬಿದ್ದರೆ ಗಾಳ, ಕೆಳಗೆ ಬಿದ್ದರೆ ಅಲ್ಪವಿರಾಮ, ಬಾಲ ಎಳೆಯಲು ಧೈರ್ಯ ಬಾರದಿದ್ದರೆ ಪೂರ್ಣವಿರಾಮ. ಜಟ್ಟುವಿನ ಮನೆಯ ಗಂಜಿ ಹೀಗೆ ಬೇಯುತ್ತಿತ್ತು.

ಪುಂಡಲೀಕ ಬಂದದ್ದು, ಬೋಟುಗಳು ಮತ್ತೆ ಕಡಲಿಗಿಳಿಯುವ ನಾರಳಿ ಹುಣ್ಣಿಮೆ ಹತ್ತಿರವಾದಾಗ. ಜಗಲಿಯಲ್ಲಿ ಕುಳಿತು ಎಲೆಯಡಿಕೆಯ ಕವಳ ಹಾಕಿದ.

“ಜಟ್ಟಣ್ಣ, ‘ಜಲದೇವಿ’ ಅಂತ ಬರಿ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಆದ್ರೆ ಗಾಳ ಬೇಡ.”

“ಬೇಡ್ವೇ?”

“ಅದು ತಪ್ಪಂತೆ ಮಾರಾಯ. ನಿನ್ನ ಮಗಳೇ ಹೇಳ್ತಂತೆ ನಮ್ಮ ರಕ್ಷಿತಾಗೆ. ಕಾಲೇಜಲ್ಲಿ ನಗಾಡ್ತ್ರಂತೆ. ಮಂಗ್ಳೂರ ಬಂದರಕ್ಕೂ ಹೋಗೂ ಬೋಟು ಇದು, ಅಲ್ಲಿ ಯಾರೂ ನಗಾಡೂದು ಬೇಡ. ಚೊಕ್ಕ ಬರಿ, ಸಾಕು.”

ಜಟ್ಟು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು “ಆತು” ಅಂದ. ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ವಿನುತಾಳಿಗೆ ಅನ್ನಿಸಿತು.

ತಾಂಡೇಲ ಬೇಲಿಯ ದಣಪೆ ದಾಟಿದ ಮೇಲೆ ಅವಳು ಕೇಳಿದಳು: “ಅಪ್ಪಾ, ನಾ ಬರಿತೆ. ನಂಗೆ ಬತ್ತದೆ.”

“ನೀರು ಮುಟ್ಟದ ಬೋಟು ಅದು. ಹೆಣ್ಮಕ್ಕಳು ಮುಟ್ಟೂದಲ್ಲ.”

“ಹಂಗಾರೆ ಜ್ವರ ಅಂತ ಹೇಳು.”

“ಈ ಸಲ ಜ್ವರ. ಮುಂದಿನ ಸಲ ಎಂತ ಹೇಳೂದು?”

ಒಳಗಿನಿಂದ ಅವಳ ತಾಯಿ ಹೊನ್ನಮ್ಮ, “ಕೈ ನಡುಗ್ತದೆ ಅಂತಲೇ ಹೇಳೂಕೆ ಎಂತ ಆಗೂದು?” ಅಂದಳು. ನಡುಗುವ ಕೈಗೆ ಹೊಸ ಬೋಟಿನ ಮೂತಿ ಯಾರು ಕೊಟ್ಟಾರು? ಅದು ಹೊನ್ನಮ್ಮನಿಗೂ ಗೊತ್ತಿತ್ತು.

ಮರುದಿನದಿಂದ ಜಟ್ಟು ಹಿತ್ತಲಿನ ಚಿರೆಕಲ್ಲಿನ ಗೋಡೆಯ ಮೇಲೆ ಬ್ರಶ್ಶನ್ನು ಬರೀ ನೀರಿನಲ್ಲಿ ಅದ್ದಿ ‘ಜಲದೇವಿ’ ಎಂದು ಬರೆಯತೊಡಗಿದ. ಬರೆದದ್ದು ಬಿಸಿಲಿಗೆ ಆರುತ್ತಿತ್ತು, ಪಕ್ಕದಲ್ಲಿ ಬಿದ್ದ ಹನಿಗಳೂ ಆರುತ್ತಿದ್ದವು. ಒಂದು ಸಂಜೆ ಒಂದೂ ಹನಿ ಬೀಳದೆ ಹೆಸರು ಮುಗಿಯಿತು. “ನೋಡೇ” ಅಂದ. ವಿನುತಾ ಬಂದು ನೋಡುವಷ್ಟರಲ್ಲಿ ‘ಜಲ’ ಹೋಗಿ ‘ದೇವಿ’ ಉಳಿದಿದ್ದಳು. ನಗಿಸಬೇಕೆಂದು ಅವಳು ಪುಂಡಲೀಕನ ದನಿಯಲ್ಲಿ, “ಚೊಕ್ಕ ಆಯ್ತು ಮಾರಾಯ” ಅಂದಳು. ಅಪ್ಪ ನಕ್ಕ. ಆ ನಗುವಿಗೇ ಬ್ರಶ್ ಮತ್ತೆ ಅಲುಗಿತು.

ಹೆಸರು ಬರೆಯುವ ದಿನ ಮಳೆ ಬಿಡುವು ಕೊಟ್ಟಿತ್ತು. ಕಾಯಿ ಒಡೆದರು. ಗಂಡಸರೆಲ್ಲ ಬೋಟಿನ ಸುತ್ತ, ಹೆಂಗಸರು ಬಲೆಯ ರಾಶಿಯ ಆಚೆ. ಅಪ್ಪ ಕೈ ಅಲುಗದಿರಲೆಂದು ಬೆತ್ತವನ್ನು ಅಡ್ಡ ಹಿಡಿದು ಅದರ ಮೇಲೆ ಮಣಿಕಟ್ಟು ಊರಿದ್ದು ವಿನುತಾಳಿಗೆ ಅಲ್ಲಿಂದಲೇ ಕಾಣುತ್ತಿತ್ತು. ಕನ್ನಡದ ಹೆಸರು ಹನಿ ಬೀಳದೆ ದಾಟಿತು. ಇಂಗ್ಲಿಷಿನ ಅಕ್ಷರಗಳು ಒಂದೊಂದಾಗಿ ಬಂದವು, ನೀಲಿಯ ಮೇಲೆ ಬೆಳ್ಳಗೆ, ನೆಟ್ಟಗೆ. ಕೊನೆಯ ಅಕ್ಷರ ಒಂದು ನೆಟ್ಟನೆಯ ಗೆರೆ, ಅಷ್ಟೇ. ಅದಕ್ಕೆಂದು ಬ್ರಶ್ ಎತ್ತಿದಾಗ ಕೈ ಬೆತ್ತದಿಂದ ಜಾರಿತು. ದಪ್ಪನೆಯ ಒಂದು ಹನಿ ಹೆಸರಿನ ಮೇಲ್ಗಡೆ ಬಿದ್ದು ಕುಳಿತಿತು.

ಏನಾದರೂ ಕೂಗಬೇಕು, ಎಲ್ಲರೂ ಇತ್ತ ತಿರುಗುವಂತೆ ಏನಾದರೂ ಅನ್ನಬೇಕು ಎಂದು ವಿನುತಾ ಬಾಯಿ ತೆರೆದಳು. ಊರವರೆಲ್ಲರ ದನಿ ಇದ್ದ ಆ ಗಂಟಲಿನಲ್ಲಿ ಒಂದೂ ಏಳಲಿಲ್ಲ.

ಜಟ್ಟು ಹೇಗೋ ಕೊನೆಯ ಗೆರೆ ಎಳೆದ. ಆಮೇಲೆ ಹನಿಯ ಹತ್ತಿರ ಬ್ರಶ್ ಒಯ್ದ. ಅದು ಹನಿಯ ಆಚೆಗೊಮ್ಮೆ ಈಚೆಗೊಮ್ಮೆ ಹೊಯ್ದಾಡಿತೇ ಹೊರತು ತಾಗಲಿಲ್ಲ. ಪುಂಡಲೀಕ ಬೈಯಲೆಂದೇ ಮುಂದೆ ಬಂದವನು ಆ ಕೈಯನ್ನು ನೋಡಿ ನಿಂತ. ದಂಡೆಯುದ್ದಕ್ಕೂ ನಿಂತಿದ್ದ ಬೋಟುಗಳ ಮೂತಿಗಳತ್ತ ಕಣ್ಣು ಹಾಯಿಸಿದ. ಗಾಳ, ಅಲ್ಲೊಂದು ಗಾಳ, ಅದರಾಚೆ ಇನ್ನೊಂದು.

“ಇದೆಲ್ಲ ಹೀಂಗೇ ಆದದ್ದಾ, ಜಟ್ಟಣ್ಣ?” ಅಂದ, ಮೆಲ್ಲಗೆ.

ಜಟ್ಟು ಬ್ರಶ್ ಕೆಳಗಿಳಿಸಿದ.

“ಇರ್ಲಿ. ಅದ್ಕೊಂದು ಬಾಲ ಹಾಕ್ವ, ಬಾ.” ತಾಂಡೇಲ ಅವನ ಮಣಿಕಟ್ಟನ್ನು ತನ್ನ ದೊಡ್ಡ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಅಕ್ಷರ ತಿದ್ದಿಸುವ ಮಾಸ್ತರರಂತೆ ಹಿಡಿದು, ಇಬ್ಬರೂ ಸೇರಿ ಬಾಲ ಎಳೆದರು. ಸುತ್ತಲಿದ್ದ ಬೋಟಿನ ಧಣಿಗಳೆಲ್ಲ ಆ ನಡುಗುವ ಕೈಯನ್ನು ನೋಡಿದರು. ಯಾರೂ ನಗಲಿಲ್ಲ. ನಕ್ಕರೆ ಇದೂ ಒಂದು ತಮಾಷೆಯಾಗಿ ಮುಗಿದೀತು, ಯಾರಾದರೂ ನಗಬಾರದೇ ಎಂದು ವಿನುತಾ ಕಾದಳು.

“ಆದ್ರೂ ಅಲ್ಲಿ ಅಪಾಸ್ಟ್ರಫಿ ಬರೂದಿಲ್ಲ, ಅಲ್ದನೇ?” ಎಂದು ಪಕ್ಕದಲ್ಲಿದ್ದ ರಕ್ಷಿತಾ ಕಿವಿಯಲ್ಲಿ ಶುರುಮಾಡಿದವಳು ವಿನುತಾಳ ಮುಖ ನೋಡಿ ಅಷ್ಟಕ್ಕೇ ಬಿಟ್ಟಳು.

ಬೋಟು ನೂಕಲು ಹೆಗಲು ಕೊಟ್ಟರು. ದಿಮ್ಮಿಗಳು ಕಿರುಗುಟ್ಟಿದವು. ಅಲುಗಾಟಕ್ಕೆ ಗಾಳದ ಹಸಿಬಣ್ಣ ಮಿಸುಕಿ, ಬಾಲದ ತುದಿಯಿಂದ ಒಂದು ಬಿಳಿಯ ಎಳೆ ಅಕ್ಷರಗಳ ಸಂದಿಯಲ್ಲಿ ಕೆಳಗಿಳಿಯತೊಡಗಿತು. ಸೋಮು ಎಂಬ ಹೊಸ ಖಲಾಸಿ ಹೆಗಲ ಮೇಲಿನ ಪಂಚೆ ತೆಗೆದು ಕೈ ಚಾಚಿದ.

“ಹಾಂ, ಒರ್ಸೂದಲ್ಲ” ಅಂದರು ನಾಲ್ಕಾರು ಜನ ಒಟ್ಟಿಗೆ.

ಜಟ್ಟು ಬ್ರಶ್ಶನ್ನು ಚಿಂದಿಯಲ್ಲಿ ಸುತ್ತುತ್ತಿದ್ದ. ಸುತ್ತಿದ್ದು ಬಿಚ್ಚಿಹೋಗಿ ಮತ್ತೆ ಸುತ್ತುತ್ತಿದ್ದ. ಜಲದೇವಿ ಹೊಳೆಯತ್ತ ಜಾರಿದಂತೆ ಆ ಎಳೆ ಹೆಸರನ್ನು ದಾಟಿ, ನೀಲಿ ಹಲಗೆಯ ಮೇಲೆ ಉದ್ದವಾಗುತ್ತ, ನೀರು ಬಂದು ತಾಗುವಲ್ಲಿಯವರೆಗೂ ಇಳಿಯಿತು.